ಹುಳಿ ಕುದಿಸಲು ನನಗೆ ಹಿತ್ತಾಳೆ ತಪ್ಪಲೆಯೇ ಬೇಕು

ದಿನವೂ ಹುಳಿಯೋ ಸಾರೋ ಆಗಲೇಬೇಕಾದ ಮನೆ ನಮ್ಮದು. ಎರಡು ವರ್ಷ ಅಲ್ಯೂಮಿನಿಯಂ ಪಾತ್ರೆಯಲ್ಲಿ ಕುದಿಸಿದೆ. ಈಗ ಒಂದೂವರೆ ವರ್ಷದಿಂದ ಕಲಾಯಿ, ಅಂದರೆ ಒಳಗೆ ತವರದ ಲೇಪ, ಹಾಕಿಸಿದ ಹಿತ್ತಾಳೆ ತಪ್ಪಲೆ. ಇನ್ನು ಹಳೆಯದಕ್ಕೆ ಹೋಗುವ ಮಾತೇ ಇಲ್ಲ.

ಅಲ್ಯೂಮಿನಿಯಂ ಹಗುರ, ಅಗ್ಗ, ಬೇಗ ಕಾಯುತ್ತದೆ. ಆದರೆ ಹುಣಸೆ ರಸ ಅದನ್ನು ತಿನ್ನುತ್ತದೆ. ನನ್ನ ಪಾತ್ರೆಯ ತಳದಲ್ಲಿ ಸೂಜಿ ಚುಚ್ಚಿದಂಥ ಗುಳಿಗಳು ಬಿದ್ದವು, ಮಧ್ಯಾಹ್ನದ ಸಾರು ರಾತ್ರಿಗೆ ಒಗರಾಗುತ್ತಿತ್ತು. ದಪ್ಪ ಹಿತ್ತಾಳೆಯಲ್ಲಿ ಬೇಳೆ ತಳ ಹತ್ತುವುದಿಲ್ಲ, ಒಲೆ ಆರಿಸಿದ ಮೇಲೂ ಹುಳಿ ಬಹಳ ಹೊತ್ತು ಬಿಸಿಯಾಗಿರುತ್ತದೆ.

ತೊಡಕು ಕಲಾಯಿಯದು. ಹಿತ್ತಾಳೆ ಅಂದರೆ ತಾಮ್ರ, ಸತು ಬೆರೆಸಿದ ಲೋಹ. ಹುಳಿ ನೇರವಾಗಿ ತಾಗಿದರೆ ಕಿಲುಬು ಬಿಡುತ್ತದೆ, ಹಾಗಾಗಿ ಒಳಗೆ ತವರದ ತೆಳು ಲೇಪ ಬೇಕೇ ಬೇಕು. ಆ ತವರ 232 ಡಿಗ್ರಿ ಸೆಲ್ಸಿಯಸ್‌ಗೇ ಕರಗಿಬಿಡುತ್ತದೆ. ನೀರಿರುವಷ್ಟು ಹೊತ್ತು ಭಯವಿಲ್ಲ, ಖಾಲಿ ಪಾತ್ರೆಗೆ ಮಾತ್ರ ಉರಿ ತಾಗಬಾರದು. ಇದು ಗೊತ್ತಿಲ್ಲದೆ ಮೊದಲ ತಿಂಗಳೇ ಒಗ್ಗರಣೆಗೆಂದು ಖಾಲಿ ತಪ್ಪಲೆಯನ್ನು ದೊಡ್ಡ ಉರಿಯಲ್ಲಿಟ್ಟೆ. ಸಾಸಿವೆ ಡಬ್ಬ ಹುಡುಕಿ ಬರುವಷ್ಟರಲ್ಲಿ ತವರ ಹನಿಹನಿಯಾಗಿ ಒಂದೆಡೆ ಸೇರಿ, ಬೆಳ್ಳಗಿದ್ದ ತಳದಲ್ಲಿ ಹಳದಿ ಇಣುಕುತ್ತಿತ್ತು.

ಮತ್ತೆ ಕಲಾಯಿ ಹಾಕಿಸಲು ಮೂರು ವಾರ ಅಲೆದೆ. ಮೊದಲೆಲ್ಲ ಕಲಾಯಿಯವರು ಗಾಳಿ ಊದುವ ತಿದಿ ಹೊತ್ತು ಬೀದಿಗೇ ಬರುತ್ತಿದ್ದರು, ಈಗ ನಾವೇ ಪೇಟೆಗೆ ಹೊತ್ತೊಯ್ಯಬೇಕು. ಸಿಕ್ಕಿದ ಹಿರಿಯರು ಪಾತ್ರೆ ಕಾಯಿಸಿ, ನವಸಾಗರವೆಂಬ ಉಪ್ಪಿನ ಪುಡಿ ಉದುರಿಸಿ, ಬಿಳಿ ಹೊಗೆ ಏಳುತ್ತಿದ್ದಂತೆ ತವರ ತಾಗಿಸಿ ಹತ್ತಿಯಲ್ಲಿ ಸವರಿದರು. ಒಂದೇ ನಿಮಿಷಕ್ಕೆ ಒಳಗೆಲ್ಲ ಕನ್ನಡಿ. ಸೀಸ ಬೆರೆಸದ ತವರವೇ ಬೇಕೆಂದು ಕೇಳಿ ಹಾಕಿಸಿಕೊಳ್ಳಿ, ದುಡ್ಡು ಹೆಚ್ಚಾದರೂ ಸರಿ. ಅಂದಿನಿಂದ ಒಗ್ಗರಣೆಗೆ ಕಬ್ಬಿಣದ ಸೌಟು. ಒಳಗೆ ತೊಳೆಯಲು ತೆಂಗಿನ ನಾರು, ತಂತಿಯ ಸ್ಕ್ರಬ್ಬರನ್ನು ಮುಟ್ಟಿಸುವುದಿಲ್ಲ.

ತಾಮ್ರದ ಚೊಂಬು ನೀರಿಗೆ ಮಾತ್ರ, ಮಜ್ಜಿಗೆಗೆ ಬೇಡ. ಕಂಚಿಗೆ ಕಲಾಯಿ ಬೇಡ ನಿಜ, ಆದರೆ ಕೈಜಾರಿದರೆ ಒಡೆಯುತ್ತದೆ, ಬೆಲೆಯೂ ನನ್ನ ಕೈಗೆ ಮೀರಿದ್ದು.

ವಾರಕ್ಕೊಮ್ಮೆ ಸಾರು ಮಾಡುವವರಿಗೆ ಈ ಕಲಾಯಿಯ ಓಡಾಟ ಬೇಡ, ಸ್ಟೀಲ್ ಸಾಕು. ನನಗೆ ವರ್ಷಕ್ಕೊಮ್ಮೆ ಪೇಟೆಗೆ ಹೋಗುವುದು ಭಾರವಲ್ಲ. ಹಳೆಯ ಅಲ್ಯೂಮಿನಿಯಂ ಪಾತ್ರೆಯಲ್ಲಿ ಈಗ ಇಡ್ಲಿ ಬೇಯುತ್ತದೆ. ತಳದ ನೀರಿಗೆ ಒಂದು ನಿಂಬೆ ಸಿಪ್ಪೆ ಹಾಕುತ್ತೇನೆ, ಪಾತ್ರೆ ಕಪ್ಪಾಗುವುದಿಲ್ಲ.