ಕಲಬುರಗಿ ಸ್ಟುಡಿಯೋದಲ್ಲಿ ಡ್ರಮ್: ರೆಕಾರ್ಡಿಂಗ್ ಚೆನ್ನ, ಮಿಕ್ಸ್ ಸಪ್ಪೆ

ಹೆಸರು ಬೇಡ, ಕಲಬುರಗಿಯಲ್ಲಿ ಒಂದು ಚಿಕ್ಕ ಸ್ಟುಡಿಯೋ. ನಮ್ಮ ರಾಕ್ ಬ್ಯಾಂಡಿನ ಎರಡು ಹಾಡಿಗೆ ಅಲ್ಲಿ ಡ್ರಮ್ ರೆಕಾರ್ಡ್ ಮಾಡಿಸಿದೆವು.

ಕೋಣೆ ಮಾತ್ರ ಸೂಪರ್. ಶಹಾಬಾದ್ ಕಲ್ಲಿನ ನೆಲ, ಸ್ನೇರ್ (ಅಡಿಯಲ್ಲಿ ತಂತಿ ಇರುವ ಚಪ್ಪಟೆ ಡ್ರಮ್) ಹೊಡೆದರೆ ಸದ್ದು ಚಟ್ ಅಂತ ಎದ್ದು ಬರುತ್ತದೆ. ಎಂಜಿನಿಯರ್‌ಗೂ ಕೆಲಸ ಗೊತ್ತು. ಸ್ನೇರ್‌ಗೆ ಮೇಲೊಂದು ಕೆಳಗೊಂದು ಮೈಕ್ ಇಟ್ಟು, ಕೆಳಗಿನದರ ಫೇಸ್ (phase, ಅಂದರೆ ಧ್ವನಿ ಅಲೆಯ ಏರಿಳಿತ) ತಿರುಗಿಸಿದರು. ಇಲ್ಲಾಂದ್ರೆ ಒಂದರ ಸದ್ದನ್ನು ಇನ್ನೊಂದು ತಿಂದು ಸ್ನೇರ್ ತೆಳ್ಳಗಾಗುತ್ತದೆ. ಗದ್ದಲ ಆಗಬಾರದೆಂದು ಮೇ ತಿಂಗಳಲ್ಲಿ ಎಸಿ ಆಫ್! ನಮ್ಮ ಡ್ರಮ್ಮರ್ ಬೆವರಲ್ಲೇ ಸ್ನಾನ ಮಾಡಿದ.

ಬೇಜಾರಾಗಿದ್ದು ಆಮೇಲೆ. ಕೋಣೆಯ ಮಾರ್ದನಿ ಹಿಡಿಯೋಕೆ ದೂರದಲ್ಲಿ ಒಂದು ರೂಮ್ ಮೈಕ್ ಇಡಿ ಅಂದರೆ "ರಿವರ್ಬ್ ಹಾಕ್ತೀನಿ ಬಿಡ್ರಿ" ಅಂದರು, ಅಂದರೆ ಆಮೇಲೆ ಕೃತಕವಾಗಿ ಸೇರಿಸುವ ಮಾರ್ದನಿ. ಇಂಗ್ಲೆಂಡಿನ ರಾಕ್ ಬ್ಯಾಂಡ್ ಲೆಡ್ ಜೆಪ್ಲಿನ್‌ನವರು 1971ರ ಆಲ್ಬಂಗೆ ಹೆಡ್ಲಿ ಗ್ರೇಂಜ್ ಎಂಬ ಹಳೇ ಮನೆಯಲ್ಲಿ ಮೆಟ್ಟಿಲ ಬುಡಕ್ಕೆ ಡ್ರಮ್ ಇಟ್ಟು, ಮೇಲಿನಿಂದ ಎರಡೇ ಮೈಕ್ ಹಿಡಿದು ಆ ಗುಡುಗು ತಂದಿದ್ದು ಅಲ್ವಾ? ಇಂಥ ಕಲ್ಲಿನ ನೆಲ ಇಟ್ಟುಕೊಂಡು ಸುಮ್ನೆ ವೇಸ್ಟ್. ಮಿಕ್ಸ್‌ನಲ್ಲಿ, ಅಂದರೆ ಎಲ್ಲಾ ಮೈಕಿನ ಸದ್ದು ಕೂಡಿಸುವಾಗ, ಕಂಪ್ರೆಸರ್ (ಜೋರು-ಮೆತ್ತನೆಯ ಅಂತರ ತಗ್ಗಿಸುವ ಸಾಧನ) ಬೇರೆ ಜಾಸ್ತಿ ಬಿಗಿದು, ಮೆತ್ತಗೆ ಬಾರಿಸಿದ್ದೂ ಜೋರಾಗಿ ಬಾರಿಸಿದ್ದೂ ಒಂದೇ ಆಗಿದೆ.

ಹೋಗಿ, ಆದರೆ ಒಂದೊಂದು ಮೈಕಿನ ಟ್ರ್ಯಾಕ್ ಬೇರೆ ಬೇರೆಯಾಗಿ ಪೆನ್‌ಡ್ರೈವ್‌ಗೆ ಹಾಕಿಸಿಕೊಂಡು ಬನ್ನಿ. ಮಿಕ್ಸ್ ಬೇರೆ ಕಡೆ ಮಾಡಿಸಿ.