ತಮನ್ ನೆಗಾರಾನೋ ಕಿನಬತಂಗನ್ನೋ? ಮಲೇಷ್ಯಾದ ಮಳೆಕಾಡಿಗೆ ಹೊರಟವರಿಗೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕಿನಬತಂಗನ್ ನದಿಗೆ. ಮಲೇಷ್ಯಾದಲ್ಲಿ ಕಾಡು ನೋಡೋಣ ಅಂತ ಹೊರಡುವ ನಮ್ಮ ಕಡೆಯವರು ಹೆಚ್ಚಾಗಿ ತಮನ್ ನೆಗಾರಾ ರಾಷ್ಟ್ರೀಯ ಉದ್ಯಾನಕ್ಕೆ ಹೋಗುತ್ತಾರೆ. ಕೌಲಾಲಂಪುರದಿಂದ ರಸ್ತೆಯಲ್ಲಿ ನಾಲ್ಕು ಗಂಟೆ ಚಿಲ್ಲರೆ. ಇನ್ನೊಂದು ವಿಮಾನ ಹತ್ತಬೇಕಿಲ್ಲ, ಪ್ಯಾಕೇಜ್ ಸುಲಭವಾಗಿ ಸಿಗುತ್ತದೆ. ನಾವೂ ಮೊದಲು ಹೋಗಿದ್ದು ಅಲ್ಲಿಗೇ. ಆಮೇಲೆ ಬೋರ್ನಿಯೋ ದ್ವೀಪದ ಸಬಾ ರಾಜ್ಯಕ್ಕೆ ಹೋಗಿ ಕಿನಬತಂಗನ್ ನದಿ, ದನುಮ್ ವ್ಯಾಲಿ ಕಾಡು ಎರಡನ್ನೂ ನೋಡಿಬಂದೆವು. ಜೊತೆಗೆ ಅಮ್ಮ ಇದ್ದರು. ಅರವತ್ತು ದಾಟಿದ ವಯಸ್ಸು, ಶುದ್ಧ ಸಸ್ಯಾಹಾರಿ, ಮೊಣಕಾಲು ನೋವು. ನನ್ನ ತೀರ್ಪಿನಲ್ಲಿ ಆ ಮೊಣಕಾಲಿನ ಪಾಲೂ ಇದೆ ಅಂತ ಇಟ್ಟುಕೊಂಡೇ ಓದಿ.

ತಮನ್ ನೆಗಾರಾ ದೊಡ್ಡ ಕಾಡು. 4,343 ಚದರ ಕಿಲೋಮೀಟರ್, ಮೂರು ರಾಜ್ಯಗಳಿಗೆ ಹರಡಿಕೊಂಡಿದೆ. ಹುಲಿ, ಆನೆ, ಹಂದಿಯಂಥ ಮೈಯ ಉದ್ದ ಮೂತಿಯ ಟೇಪಿರ್ ಎಲ್ಲಾ ಇವೆ. ಇವೆ ಅಷ್ಟೇ, ಕಾಣುವುದಿಲ್ಲ. ಮಳೆಕಾಡಿನ ಒಳಗೆ ಹತ್ತು ಹೆಜ್ಜೆ ಆಚೆ ಏನಿದೆ ಅಂತ ಗೊತ್ತಾಗಲ್ಲ. ಹಣ್ಣು ಇರುವುದು ತಲೆಯ ಮೇಲೆ ಮೂವತ್ತು ನಲವತ್ತು ಮೀಟರ್ ಎತ್ತರದಲ್ಲಿ, ಹಾಗಾಗಿ ಕೋತಿ, ಮಂಗಟ್ಟೆ ಹಕ್ಕಿಗಳೂ ಅಲ್ಲೇ. ಕೆಳಗಿರುವ ನಮಗೆ ಸಿಗುವುದು ಸದ್ದು ಮಾತ್ರ. ನಮಗೆ ಸಿಕ್ಕಿದ್ದು ಟೇಪಿರ್‌ನ ಹೆಜ್ಜೆಗುರುತು, ಅದೂ ಗೈಡ್ ತೋರಿಸಿದ ಮೇಲೆ. ಮರಗಳ ನಡುವೆ ಹಗ್ಗ, ಹಲಗೆ ಕಟ್ಟಿದ ತೂಗುದಾರಿ ಚೆನ್ನಾಗಿದೆ. ಆದರೆ ಸಾಲು ಜಾಸ್ತಿ.

ಇಷ್ಟಕ್ಕೆ ನಾನು ಬೇಜಾರು ಮಾಡಿಕೊಂಡಿಲ್ಲ. ಕಾಡು ಅಂದ ಮೇಲೆ ಹಾಗೇ. ಸಿಟ್ಟು ಬಂದಿದ್ದು ಪ್ಯಾಕೇಜ್ ಮೇಲೆ. ಕೌಲಾಲಂಪುರದಲ್ಲೇ ದುಡ್ಡು ಕಟ್ಟಿದ್ದೆವು. ಅವರು ಕೊಟ್ಟ ಹಾಳೆಯಲ್ಲಿ ಮೊದಲ ಐಟಂ ತೆಂಬೆಲಿಂಗ್ ನದಿಯಲ್ಲಿ ಮೂರು ಗಂಟೆಯ ದೋಣಿ ಪ್ರಯಾಣ. ಜೆರಂತುತ್ ಊರಿಗೆ ಬಂದ ಮೇಲೆ, 'ಇವತ್ತು ದೋಣಿಗೆ ಜನ ಸಾಲಲ್ಲ' ಅಂತ ವ್ಯಾನಿಗೆ ಹತ್ತಿಸಿದರು. ಹೋಗಲಿ ಬಿಡಿ ಅಂದುಕೊಂಡೆವು.

ರಾತ್ರಿ ಊಟದ ನಂತರ 'ನೈಟ್ ಸಫಾರಿ'. ನಾವು ಉಳಿದಿದ್ದ ಕ್ವಾಲಾ ತಹಾನ್ ಹಳ್ಳಿ ನದಿಯ ಈ ದಡ, ರಾಷ್ಟ್ರೀಯ ಉದ್ಯಾನ ಆ ದಡ. ಸಣ್ಣ ದೋಣಿಯಲ್ಲಿ ಆ ಕಡೆ ದಾಟಿಸುತ್ತಾರೆ ಅಂತ ನಾವು ಕಾದರೆ, ಬಂದಿದ್ದು ಪಿಕಪ್ ಗಾಡಿ! ಹಿಂದೆ ಹಲಗೆ ಸೀಟು, ಗೈಡ್ ಕೈಯಲ್ಲಿ ದೊಡ್ಡ ಟಾರ್ಚು. ಸ್ವಲ್ಪ ಹೊತ್ತು ಟಾರು ರಸ್ತೆ, ಆಮೇಲೆ ಮಣ್ಣು ರಸ್ತೆ. ಬೆಳಕು ಬಿದ್ದಲ್ಲೆಲ್ಲಾ ಒಂದೇ ಎತ್ತರದ ಮರಗಳು, ನೂಲು ಹಿಡಿದ ಹಾಗೆ ಸಾಲಾಗಿ. ತಾಳೆ ಎಣ್ಣೆಯ ತೋಟ! ಸಫಾರಿ ಪೂರ್ತಿ ಅಲ್ಲೇ. ನಾಗರಹೊಳೆ ಸಫಾರಿ ಅಂತ ದುಡ್ಡು ಇಸ್ಕೊಂಡು ಕೊಡಗಿನ ಕಾಫಿ ತೋಟ ಸುತ್ತಿಸಿದ ಹಾಗೆ.

ನಿಜ ಹೇಳಬೇಕಂದರೆ, ತೋಟದಲ್ಲಿ ಏನೂ ಇರಲಿಲ್ಲ ಅಂತಲ್ಲ. ಇಲಿ ಹಿಡಿಯಲು ಚಿರತೆಬೆಕ್ಕು ಬರುತ್ತದೆ, ಗೂಬೆ ಬರುತ್ತದೆ. ಒಂದು ಜೋಡಿ ಹೊಳೆಯುವ ಕಣ್ಣು ನಮಗೂ ಕಾಣಿಸಿತು. 'ಇದು ಪಾರ್ಕ್ ಅಲ್ವಲ್ಲಾ' ಅಂತ ಕೇಳಿದರೆ ಗೈಡ್ ನಕ್ಕ. ಮರುದಿನ ಫೋನಿನಲ್ಲಿ ಏಜೆನ್ಸಿಯವರು ಕೊಟ್ಟ ಉತ್ತರ ಇನ್ನೂ ಚೆನ್ನಾಗಿತ್ತು: ಹಾಳೆಯಲ್ಲಿ 'ನೈಟ್ ಸಫಾರಿ' ಅಂತ ಇದೆಯೇ ಹೊರತು 'ಪಾರ್ಕಿನ ಒಳಗೆ' ಅಂತ ಇಲ್ಲವಂತೆ. ಹುಡುಕಿ ನೋಡಿದೆ, ನಿಜವಾಗಿಯೂ ಇರಲಿಲ್ಲ! ದುಡ್ಡು ವಾಪಸ್ ಬರುವ ಮಾತೇ ಇಲ್ಲ.

ಹೋಗುವವರು ಒಂದು ಕೆಲಸ ಮಾಡಿ. ಪಿಕಪ್ ಸಫಾರಿ ಬೇಡ ಅನ್ನಿ, 'ನೈಟ್ ವಾಕ್' ಕೇಳಿ. ಅದು ಉದ್ಯಾನದ ಒಳಗೆ, ಗೈಡ್ ಜೊತೆ ನಡೆಯುವುದು. ಕಡ್ಡಿಹುಳ, ಚೇಳು, ಜೇಡ, ಅದೃಷ್ಟವಿದ್ದರೆ ಹಾವು. ಮಾರನೇ ರಾತ್ರಿ ಬೇರೆ ದುಡ್ಡು ಕೊಟ್ಟು ಹೋಗಿದ್ದೆ. ಇಡೀ ತಮನ್ ನೆಗಾರಾದಲ್ಲಿ ನನಗೆ ಇಷ್ಟವಾಗಿದ್ದು ಅದೊಂದೇ. ಪ್ಯಾಕೇಜಿನಲ್ಲೇ ಬಂದ ಒರಾಂಗ್ ಅಸ್ಲಿ ಆದಿವಾಸಿಗಳ ಹಳ್ಳಿ ಭೇಟಿ ಬಗ್ಗೆ ಹೆಚ್ಚು ಹೇಳಲ್ಲ. ಬೆಂಕಿ ಹೊತ್ತಿಸಿ ತೋರಿಸಿದರು, ಬೇಟೆಗೆ ಬಾಣ ಹಾರಿಸುವ ಊದುಕೊಳವೆ ಊದಿ ತೋರಿಸಿದರು, ನಾವು ಫೋಟೊ ತೆಗೆದೆವು. ಅಮ್ಮನಿಗೆ ಮುಜುಗರವಾಗಿ ದೋಣಿಗೆ ವಾಪಸ್ ಬಂದು ಕೂತರು.

ಕಿನಬತಂಗನ್‌ನಲ್ಲಿ ನಡೆಯುವ ಕೆಲಸವೇ ಕಡಿಮೆ. ಸಬಾದ ಸಂಡಾಕನ್‌ಗೆ ವಿಮಾನ, ಅಲ್ಲಿಂದ ರಸ್ತೆಯಲ್ಲಿ ಎರಡು ಎರಡೂವರೆ ಗಂಟೆ. ಬೆಳಗ್ಗೆ ಆರಕ್ಕೆ ಒಂದು ಸಲ, ಸಂಜೆ ನಾಲ್ಕರ ಮೇಲೆ ಒಂದು ಸಲ ದೋಣಿಯಲ್ಲಿ ಕೂತರೆ ಸಾಕು, ಕಾಡೇ ದಡಕ್ಕೆ ಬರುತ್ತದೆ. ಬೋರ್ನಿಯೋ ಬಿಟ್ಟರೆ ಬೇರೆಲ್ಲೂ ಇಲ್ಲದ ಉದ್ದ ಮೂಗಿನ ಪ್ರೊಬೋಸಿಸ್ ಕೋತಿಗಳು ರಾತ್ರಿ ಮಲಗುವುದು ನದಿ ದಡದ ಮರಗಳಲ್ಲೇ. ಹಾಗಾಗಿ ಸಂಜೆ ಹೋದವರಿಗೆ ಅವು ಹೆಚ್ಚುಕಮ್ಮಿ ಖಾತ್ರಿ. ಎಂಟು ಜಾತಿಯ ಮಂಗಟ್ಟೆಗಳಿವೆ. ಎರಡನೇ ದಿನ ಬೆಳಗ್ಗೆ ಅತ್ತಿ ಜಾತಿಯ ಮರವೊಂದರಲ್ಲಿ ಒರಾಂಗುಟಾನ್ ಸಿಕ್ಕಿತು. ಮೈಕೈ ಮುರಿಯುತ್ತಾ, ಯಾವ ಅವಸರವೂ ಇಲ್ಲದೆ ಹಣ್ಣು ತಿನ್ನುತ್ತಿತ್ತು. ಅಮ್ಮ ಬೈನಾಕ್ಯುಲರ್ ನನ್ನ ಕೈಗೆ ಕೊಡಲೇ ಇಲ್ಲ.

ಇಷ್ಟು ಸುಲಭವಾಗಿ ಯಾಕೆ ಕಾಣುತ್ತವೆ? ಈ ವಿಷಯ ನನಗೆ ಇನ್ನೂ ಕೊರೆಯುತ್ತಿದೆ. ಸಂಡಾಕನ್‌ನಿಂದ ಬರುವ ದಾರಿಯುದ್ದಕ್ಕೂ ಇರುವುದು ತಾಳೆ ತೋಟ. ಕೆಳ ಕಿನಬತಂಗನ್‌ನಲ್ಲಿ ಕಾಡು ಉಳಿದಿರುವುದು ನದಿಯ ಎರಡು ಬದಿ, ಪಟ್ಟಿ ಪಟ್ಟಿಯಾಗಿ. 2005ರಲ್ಲಿ ಅಭಯಾರಣ್ಯ ಅಂತ ಘೋಷಿಸಿದ್ದು ಸುಮಾರು 26,000 ಹೆಕ್ಟೇರ್, ಅದೂ ತುಂಡು ತುಂಡಾಗಿ. ಪ್ರಾಣಿಗಳಿಗೆ ಹಿಂದೆ ಸರಿಯಲು ಜಾಗ ಇಲ್ಲ. ಅಂದರೆ ತಮನ್ ನೆಗಾರಾದಲ್ಲಿ ನಾನು ಬೈದುಕೊಂಡ ಅದೇ ತೋಟದಿಂದಾಗಿ ಇಲ್ಲಿ ನನಗೆ ಕೊಟ್ಟ ದುಡ್ಡಿಗೆ ಮೋಸ ಆಗಲಿಲ್ಲ. ಇದು ಗೊತ್ತಿದ್ದೂ ನಾನು ಕಿನಬತಂಗನ್‌ಗೇ ಹೋಗಿ ಅನ್ನುತ್ತೇನೆ. ದಡದ ಹಳ್ಳಿಯವರೇ ದೋಣಿ ಓಡಿಸುತ್ತಾರೆ, ಮನೆಯಲ್ಲಿ ಜಾಗ ಕೊಡುತ್ತಾರೆ. ಕಾಡು ಉಳಿದರೆ ಅವರಿಗೂ ಲಾಭ.

ಆನೆ ನಮಗೆ ಸಿಗಲಿಲ್ಲ. ಬೋರ್ನಿಯೋದ ಆನೆ ಸ್ವಲ್ಪ ಗಿಡ್ಡ, ಉಳಿದಿರುವುದು ಸುಮಾರು ಸಾವಿರ. ಆದರೆ ಕಬಿನಿ ನೋಡಿದವರು ಆನೆಗೋಸ್ಕರ ಸಮುದ್ರ ದಾಟಬೇಕಾ? ನನ್ನ ಪ್ರಕಾರ ಇಲ್ಲ.

ದನುಮ್ ವ್ಯಾಲಿ ಕಾಡಿನ ಮಟ್ಟಿಗೆ ಮೂರರಲ್ಲೂ ಮೇಲು. 438 ಚದರ ಕಿಲೋಮೀಟರ್, ಕೊಡಲಿ ಬೀಳದ ಕಾಡು. 100 ಮೀಟರ್‌ಗೂ ಎತ್ತರದ ಮೆರಾಂತಿ ಮರ ಇರುವುದು ಇಲ್ಲೇ. ಬೆಳಗಿನ ಮಂಜಿನಲ್ಲಿ ಗಿಬ್ಬನ್ ಅನ್ನೋ ಬಾಲವಿಲ್ಲದ ವಾನರದ ಕೂಗು ಕೇಳಿದರೆ ಎದ್ದು ಕೂರುತ್ತೀರಿ. ಆದರೆ ಲಹಾದ್ ದಾತು ಊರಿನಿಂದ ಎರಡು ಗಂಟೆಗೂ ಹೆಚ್ಚು ಜಲ್ಲಿ ರಸ್ತೆ, ಒಳಗೆ ಉಳಿಯಲು ಒಂದೋ ದುಬಾರಿ ಲಾಡ್ಜ್, ಇಲ್ಲಾ ಸಂಶೋಧಕರ ಫೀಲ್ಡ್ ಸೆಂಟರ್. ಜೊತೆಗೆ ಇಂಬಳ. ನಮ್ಮ ಮಲೆನಾಡಿನ ಇಂಬಳ ಕಚ್ಚಿದ್ದೇ ಗೊತ್ತಾಗಲ್ಲ. ಅಲ್ಲಿನ 'ಟೈಗರ್' ಇಂಬಳ ಎಲೆಯ ಮೇಲೆ ಕೂತು ಕಾಯುತ್ತದೆ, ಕಚ್ಚಿದರೆ ಚುರ್ ಅನ್ನುತ್ತದೆ. ಮೊಣಕಾಲುದ್ದದ ಇಂಬಳದ ಕಾಲುಚೀಲ ಹಾಕಿದರೂ ಸೊಂಟಕ್ಕೆ ಬಂದು ಅಂಟಿತು. ಆಗುಂಬೆಯ ಮಳೆಯಲ್ಲಿ ಖುಷಿಯಿಂದ ನಡೆಯುವವರು ಹೋಗಿ. ಅಮ್ಮ ಸೆಂಟರಿನ ಜಗಲಿ ಬಿಟ್ಟು ಇಳಿಯಲಿಲ್ಲ.

ಖರ್ಚಿನ ಲೆಕ್ಕದಲ್ಲಿ ತಮನ್ ನೆಗಾರಾ ಅಗ್ಗ. ಸಂಡಾಕನ್ ವಿಮಾನದ ಟಿಕೆಟ್ ಸೇರಿಸಿದರೆ ಕಿನಬತಂಗನ್ ನಮಗೆ ಅದರ ದುಪ್ಪಟ್ಟು ಆಯಿತು. ಆದರೆ ಊಟ, ದೋಣಿ, ಗೈಡ್ ಎಲ್ಲಾ ಅದರಲ್ಲೇ ಬಂತು. ಅಲ್ಲಿ ಹೋದ ಮೇಲೆ ಪರ್ಸ್ ತೆಗೆದಿದ್ದು ತಂಪು ಪಾನೀಯಕ್ಕೆ ಮಾತ್ರ.

ಸಸ್ಯಾಹಾರಿಗಳಿಗೆ ಮೂರು ಕಡೆಯೂ ಒಂದೇ ತಲೆನೋವು: ಬೆಲಚಾನ್, ಅಂದರೆ ಸಿಗಡಿ ಹಾಕಿ ಹುದುಗಿಸಿದ ಮುದ್ದೆ. ಸೊಪ್ಪಿನ ಪಲ್ಯಕ್ಕೂ ಹಾಕುತ್ತಾರೆ. ಬುಕ್ ಮಾಡುವಾಗಲೇ ಬೇಡ ಅಂತ ಬರೆಯಿರಿ. ಚಟ್ನಿಪುಡಿ, ಅವಲಕ್ಕಿ ಇಟ್ಟುಕೊಂಡಿರಿ. ಸಬಾದಲ್ಲಿ ಇಮಿಗ್ರೇಷನ್ ಬೇರೆ, ಕೌಲಾಲಂಪುರದಿಂದ ಹೋದರೂ ಪಾಸ್‌ಪೋರ್ಟ್ ತೋರಿಸಬೇಕು. ನವೆಂಬರ್‌ನಿಂದ ಫೆಬ್ರವರಿವರೆಗೆ ಮಳೆ ಜಾಸ್ತಿ, ನೆರೆಯೂ ಬರುತ್ತದೆ. ನಮ್ಮ ಏಪ್ರಿಲ್-ಮೇ ರಜೆ ಸರಿಹೊಂದುತ್ತದೆ.

ಕಿನಬತಂಗನ್ ಅಂತ ತೀರ್ಮಾನಿಸಿದರೆ ಸುಕಾವ್, ಬಿಲಿತ್ ಅಂತ ಎರಡು ಹಳ್ಳಿ ಎದುರಾಗುತ್ತವೆ. ಸುಕಾವ್ ಹತ್ತಿರದ ಮೆನಂಗುಲ್ ಅನ್ನೋ ಚಿಕ್ಕ ಹೊಳೆಯಲ್ಲಿ ಪ್ರಾಣಿ ಚೆನ್ನಾಗಿ ಕಾಣುತ್ತವೆ, ಆದರೆ ಸಂಜೆ ದೋಣಿಗಳ ಜಾತ್ರೆ. ನಾವು ಬಿಲಿತ್‌ನಲ್ಲಿ ಉಳಿದೆವು, ನಿಶ್ಶಬ್ದವಾಗಿತ್ತು. ಎಲ್ಲೇ ಆಗಲಿ, ಎರಡು ರಾತ್ರಿಗೆ ಎಷ್ಟು ಸಲ ದೋಣಿ ಅಂತ ಕೇಳಿ, ಅದನ್ನು ಹಾಳೆಯಲ್ಲಿ ಬರೆಸಿಕೊಂಡೇ ದುಡ್ಡು ಕಟ್ಟಿ.