ಬಿಳಿ ಮಿಸೊ: ರಾಯಚೂರಿನ ಅಡುಗೆಮನೆಗೆ ತರಿಸಬಹುದೇ?

ಮಿಸೊ ಎಂದರೆ ಜಪಾನಿನವರು ಸೋಯಾಬೀನ್ ಹುದುಗಿಸಿ ಮಾಡುವ ಉಪ್ಪುಮುದ್ದೆ. ತರಿಸಬಹುದು. ಆದರೆ ಪ್ಯಾಕೆಟ್ಟಿನ ಹಿಂದಿನ ಸಣ್ಣ ಅಕ್ಷರ ಓದಿ, ಬೇಸಿಗೆ ಬಿಟ್ಟು ತರಿಸಬೇಕು. ಜಪಾನಿ ಅಡುಗೆ ಎಂದರೆ ಹತ್ತು ಬಾಟಲಿ ಸಾಮಾನು ಬೇಕು ಎಂದು ಹೆದರುವವರಿಗೆ ನಮ್ಮ ಸಲಹೆ: ಮೊದಲು ಒಂದು ಒಳ್ಳೆಯ ಮಿಸೊ ಕೊಳ್ಳಿ. ಉಳಿದ ಬಹುಪಾಲು ಸಾಮಾನು ನಮ್ಮ ಸಂತೆಯಲ್ಲೇ ಇದೆ.

ಬೇಯಿಸಿ ಅರೆದ ಸೋಯಾಬೀನ್, ಕೋಜಿ ಎಂಬ ಶಿಲೀಂಧ್ರ ಬೆಳೆಸಿದ ಅಕ್ಕಿ, ಉಪ್ಪು, ಇವು ಮೂರನ್ನು ಕಲಸಿ ಹುದುಗಲು ಬಿಟ್ಟರೆ ಅಕ್ಕಿ ಮಿಸೊ; ಇಲ್ಲಿ ಹೇಳುವ ಬಿಳಿ ಮಿಸೊ ಈ ಬಗೆಯದೇ. ಲೇಬಲ್ಲಿನಲ್ಲಿ ಮೊದಲು ನೋಡಬೇಕಾದ್ದು ‘ದಾಶಿ’, ‘ಬೊನಿಟೊ’, ‘ಕತ್ಸುವೊ’ ಎಂಬ ಪದಗಳು. ಇದ್ದರೆ ಅದರಲ್ಲಿ ಮೀನಿನ ಸಾರ ಇರುವ ಸಾಧ್ಯತೆ ಹೆಚ್ಚು. ಶಾಕಾಹಾರಿ ಮನೆಗೆ ಬೇಡ. ಬಾರ್ಲಿ ಹಾಕಿದ್ದಾಗಿದ್ದರೆ ಗ್ಲುಟೆನ್ ಆಗದವರು ಬಿಡಬೇಕು. ಕೆಲವು ತಯಾರಕರು ಹುದುಗು ಮುಂದುವರಿದು ಪ್ಯಾಕೆಟ್ ಉಬ್ಬದಿರಲೆಂದು ಸ್ವಲ್ಪ ಆಲ್ಕೊಹಾಲ್ ಸೇರಿಸುತ್ತಾರೆ. ಅದು ಬೇಡ ಅನ್ನುವವರು ಆ ಹೆಸರಿಲ್ಲದ್ದನ್ನೇ ಹುಡುಕಬೇಕು.

ಎರಡನೆಯದು ಉಪ್ಪು. ಕ್ಯೋಟೊ ಕಡೆಯ ಸೈಕ್ಯೊ ಮಿಸೊ ಸಿಹಿ, ಅದರಲ್ಲಿ ಉಪ್ಪು ಶೇ. 5–6ರ ಆಸುಪಾಸು. ನಾಗಾನೊ ಕಡೆಯ ತಿಳಿ ಹಳದಿ ಶಿನ್‌ಶು ಮಿಸೊದಲ್ಲಿ ಶೇ. 12ರ ಹತ್ತಿರ. ಅಂಗಡಿಗಳಲ್ಲಿ ಎರಡಕ್ಕೂ ‘ಬಿಳಿ ಮಿಸೊ’ ಎಂದೇ ಹೆಸರು. ಹಾಗಾಗಿ ಒಂದೇ ಅಳತೆ ಹಿಡಿದು ಮಾಡಿದ ಸೂಪ್ ಒಂದು ಮನೆಯಲ್ಲಿ ಸಪ್ಪೆ, ಇನ್ನೊಂದು ಮನೆಯಲ್ಲಿ ಉಪ್ಪುಪ್ಪು. ದಿನಬಳಕೆಗೆ ಶಿನ್‌ಶು ಬಗೆಯೇ ಮೇಲು: ಉಪ್ಪು ಹೆಚ್ಚಿರುವುದರಿಂದ ಬಾಳಿಕೆ ಜಾಸ್ತಿ, ಬಳಸುವುದು ಕಡಿಮೆ. ಮುಂದಿನ ಅಳತೆಗಳೆಲ್ಲ ಅದಕ್ಕೇ.

ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಕೊರಿಯರ್ ಗೋದಾಮಿನಲ್ಲಿ ನಾಲ್ಕು ದಿನ ಕೂತ ಮಿಸೊ ಕಂದು ತಿರುಗಿರುತ್ತದೆ. ಸಕ್ಕರೆ ಅಂಶವೂ ಅಮೈನೊ ಆಮ್ಲಗಳೂ ಶಾಖಕ್ಕೆ ಬೇಗ ಕೂಡಿಕೊಳ್ಳುವುದೇ ಇದಕ್ಕೆ ಕಾರಣ. ಕೆಟ್ಟಿತು ಅಂತಲ್ಲ, ಆದರೆ ಬಿಳಿ ಮಿಸೊದ ನವಿರು ಹೋಗಿ ರುಚಿ ಒರಟಾಗುತ್ತದೆ. ಆದ್ದರಿಂದ ನವೆಂಬರ್‌ನಿಂದ ಜನವರಿಯೊಳಗೆ ತರಿಸಿ. ಮನೆಗೆ ಬಂದ ಮೇಲೆ ಫ್ರಿಜ್ಜಿನಲ್ಲೇ ಇರಲಿ. ಫ್ರೀಜರ್ ಇನ್ನೂ ಒಳ್ಳೆಯದು. ಉಪ್ಪಿನಿಂದಾಗಿ ಅಲ್ಲೂ ಕಲ್ಲಾಗುವುದಿಲ್ಲ, ಚಮಚ ಸಲೀಸಾಗಿ ಇಳಿಯುತ್ತದೆ. ಮೇಲೆ ನಿಂತ ಕಂದು ನೀರನ್ನು ಕಲಸಿಕೊಳ್ಳಿ, ಚೆಲ್ಲಬೇಡಿ. ಸಣ್ಣ ಬಿಳಿ ಹರಳು ಕಂಡರೂ ಚಿಂತೆಯಿಲ್ಲ, ಅದು ಟೈರೊಸಿನ್ ಎಂಬ ಅಮೈನೊ ಆಮ್ಲ. ಹಸಿರೋ ಕಪ್ಪೋ ಬೂಷ್ಟು ಹಿಡಿದಿದ್ದರೆ ಮಾತ್ರ ಬಳಸಬೇಡಿ.

ಸೂಪಿನಲ್ಲಿ ಎಡವುವುದು ನೀರಿನಲ್ಲಿ. ಬೋರ್ ನೀರಿನ ಗಡಸುತನಕ್ಕೆ ಕೊಂಬು ಎಂಬ ಒಣ ಕಡಲಕಳೆ ತನ್ನ ರುಚಿಯನ್ನು ಸರಿಯಾಗಿ ಬಿಡುವುದಿಲ್ಲ. ಶುದ್ಧ ನೀರಿನ ಘಟಕದಿಂದ ತಂದ ಕ್ಯಾನ್ ನೀರನ್ನೇ ಹಾಕಿ. ನಾಲ್ವರಿಗೆ 600 ಮಿಲಿ ನೀರು, 6 ಗ್ರಾಂ ಕೊಂಬು. ಅದರ ಮೇಲಿನ ಬಿಳಿ ಪುಡಿ ತೊಳೆಯಬೇಡಿ, ಅದೂ ರುಚಿಯ ಭಾಗವೇ. 1908ರಲ್ಲಿ ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆದಾ ಗ್ಲುಟಾಮಿಕ್ ಆಮ್ಲವನ್ನು ರುಚಿಯ ಮೂಲವೆಂದು ಗುರುತಿಸಿದ್ದು ಈ ಕೊಂಬುವಿನ ಸಾರದಲ್ಲೇ. ಅರ್ಧ ಗಂಟೆ ನೆನೆಸಿ, ಸಣ್ಣ ಉರಿಯಲ್ಲಿಟ್ಟು, ಪಾತ್ರೆಯ ಅಂಚಲ್ಲಿ ಗುಳ್ಳೆ ಏಳುತ್ತಿದ್ದಂತೆ ತೆಗೆದುಬಿಡಿ; ಕುದಿಸಿದರೆ ಲೋಳೆ, ಕಹಿ. ಕೊಂಬು ಸಿಗದಿದ್ದರೆ ಮೂರ್ನಾಲ್ಕು ಒಣ ಶಿಟಾಕೆ ಅಣಬೆಯನ್ನು ಫ್ರಿಜ್ಜಿನಲ್ಲಿ ಐದಾರು ಗಂಟೆ ನೆನೆಸಿದ ನೀರು ಸಾಕು. ತೆಳ್ಳಗೆ ಹೆಚ್ಚಿದ ಮೂಲಂಗಿ ಬೇಯಿಸಿ, ಒಲೆ ಆರಿಸಿ, ಮೂರು ದೊಡ್ಡ ಚಮಚ, ಅಂದರೆ ಸುಮಾರು 50 ಗ್ರಾಂ ಮಿಸೊವನ್ನು ಸೌಟಿನಲ್ಲಿ ಕರಗಿಸಿ ಬೆರೆಸಿ. ಮಿಸೊ ಹಾಕಿ ಕುದಿಸಿದರೆ ಪರಿಮಳವೆಲ್ಲ ಆವಿಗೆ ಹೋಗುತ್ತದೆ. ಈ ಲೆಕ್ಕದಲ್ಲಿ ಒಬ್ಬರಿಗೆ 1.5 ಗ್ರಾಂ ಉಪ್ಪು. ಅದೇ ಊಟಕ್ಕೆ ಉಪ್ಪಿನಕಾಯಿ ಬೇಡ.

ಆದರೆ ನಮ್ಮ ಮನೆಗಳಿಗೆ ಮಿಸೊ ಒಗ್ಗುವುದು ಸೂಪಿಗಿಂತ ಪಲ್ಯದಲ್ಲಿ. ಒಕಿನಾವಾದವರು ತುಪ್ಪದ ಹೀರೆಯ ಜಾತಿಯ ಕಾಯನ್ನು ಮಿಸೊದಲ್ಲಿ ಬೇಯಿಸುವ ‘ನಾಬೇರಾ ನ್‌ಬುಶಿ’ಗೆ ನಮ್ಮ ಹೀರೇಕಾಯಿ ಚೆನ್ನಾಗಿ ಹೊಂದುತ್ತದೆ. ಅರ್ಧ ಕಿಲೋ ಎಳೆ ಹೀರೇಕಾಯಿ ಹೆರೆದು, ಪ್ರತಿಯೊಂದರ ಚೂರು ಬಾಯಿಗೆ ಹಾಕಿ ನೋಡಿ. ಒಂದು ಕಹಿಕಾಯಿ ಇಡೀ ಬಾಣಲೆ ಕೆಡಿಸುತ್ತದೆ. ಬೆರಳುದ್ದ ಹೋಳನ್ನು ಒಂದು ಚಮಚ ಎಣ್ಣೆಯಲ್ಲಿ ಎರಡು ನಿಮಿಷ ಬಾಡಿಸಿ, 200 ಗ್ರಾಂ ತೋಫು ಅಥವಾ ಪನೀರ್ ಸೇರಿಸಿ ಮುಚ್ಚಿಡಿ. ಹನಿ ನೀರೂ ಹಾಕಬೇಡಿ, ಕಾಯಿ ತಾನೇ ನೀರು ಬಿಡುತ್ತದೆ. ಐದಾರು ನಿಮಿಷಕ್ಕೆ ಎರಡು ಚಮಚ ಮಿಸೊ ಕರಗಿಸಿ ಹಾಕಿ ಇಳಿಸಿ. ಉಪ್ಪು ಬೇಡ.

ಮುಳಗಾಯಿಯನ್ನು ಉದ್ದಕ್ಕೆ ಎರಡು ಸೀಳಿ, ಗೀರು ಹಾಕಿ, ಎಣ್ಣೆಯಲ್ಲಿ ಮೆತ್ತಗಾಗುವವರೆಗೆ ಮುಚ್ಚಿ ಬೇಯಿಸಿ. ಮೂರು ಚಮಚ ಮಿಸೊ, ಒಂದೂವರೆ ಚಮಚ ಬೆಲ್ಲದ ಪುಡಿ, ಎರಡು ಚಮಚ ನೀರು ಕಲಸಿ ಕೊನೆಯ ಒಂದು ನಿಮಿಷ ಮಾತ್ರ ಹಚ್ಚಿ, ಹುರಿದ ಎಳ್ಳು ಉದುರಿಸಿ. ಮೊದಲೇ ಹಚ್ಚಿದರೆ ಬೆಲ್ಲ ಸೀದು ಕಹಿಯಾಗುತ್ತದೆ.

ಜೋಳದ ರೊಟ್ಟಿಗೆ ಇದು: 100 ಗ್ರಾಂ ಹುರಿದ ಶೇಂಗಾ ತರಿತರಿ ಕುಟ್ಟಿ, 40 ಗ್ರಾಂ ಮಿಸೊ, 20 ಗ್ರಾಂ ಬೆಲ್ಲ, ಅರ್ಧ ಚಮಚ ಖಾರದ ಪುಡಿ, ಮೂರು ಚಮಚ ನೀರು ಸೇರಿಸಿ ಸಣ್ಣ ಉರಿಯಲ್ಲಿ ಮೂರು ನಿಮಿಷ ತಿರುವಿ. ಮಧ್ಯ ಜಪಾನಿನಲ್ಲಿ ಅನ್ನದ ಬಿಲ್ಲೆಗೆ ಮಿಸೊ, ಅಕ್ರೋಟು ಹಚ್ಚಿ ಸುಡುವ ಗೊಹೆಯಿಮೊಚಿಯ ದಾರಿಯಿದು. ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತದೆ, ಮಕ್ಕಳ ಡಬ್ಬಿಗೂ ಆಗುತ್ತದೆ.

ಅನ್ನಕ್ಕೆ ವಿದೇಶಿ ಅಕ್ಕಿ ಬೇಕಿಲ್ಲ. ಗಂಗಾವತಿ, ಕಾರಟಗಿ, ಸಿಂಧನೂರು ಮಿಲ್ಲುಗಳ ಸೋನಾ ಮಸೂರಿಯಲ್ಲೇ ಒನಿಗಿರಿ ಎಂಬ ಜಪಾನಿ ಅನ್ನದ ಉಂಡೆ ಕಟ್ಟಬಹುದು. ಆದರೆ ಎಲ್ಲರೂ ಕೇಳುವ ಹಳೆ ಅಕ್ಕಿ ಬೇಡ, ಅದು ಬಿಡಿಬಿಡಿಯಾಗುತ್ತದೆ. ಸ್ಟೀಮ್ ರೈಸೂ ಅಂಟುವುದಿಲ್ಲ. ಮುಂಗಾರು ಬೆಳೆಯ ಹೊಸ ಅಕ್ಕಿ, ಅದೂ ರಾ ರೈಸ್ ಕೇಳಿ ತನ್ನಿ. 20 ನಿಮಿಷ ನೆನೆಸಿ, ಒಂದಕ್ಕೆ ಒಂದೂವರೆ ಅಳತೆ ನೀರಿಟ್ಟು, ಸಣ್ಣ ಉರಿಯಲ್ಲಿ 12 ನಿಮಿಷ ಬೇಯಿಸಿ, 10 ನಿಮಿಷ ಮುಚ್ಚಳ ತೆಗೆಯದೆ ಬಿಡಿ. ಬಿಸಿ ಇರುವಾಗಲೇ ಒದ್ದೆ ಕೈಯಲ್ಲಿ ಕಟ್ಟಬೇಕು. ಆರಿದ ಅನ್ನ ಒಡೆಯುತ್ತದೆ.

ಹೊಂದದ್ದೂ ಇದೆ. ಪುಂಡಿ ಸೊಪ್ಪಿನ ಹುಳಿಯ ಮುಂದೆ ಬಿಳಿ ಮಿಸೊ ಇದ್ದೂ ಇಲ್ಲದಂತೆ. ಸಾಸಿವೆ, ಇಂಗಿನ ಒಗ್ಗರಣೆ ಬಿದ್ದರೂ ಅಷ್ಟೇ. ಬೇಳೆಸಾರಿಗೆ ಹಾಕುವುದು ದುಬಾರಿ ಉಪ್ಪು ಹಾಕಿದಂತೆ.

ನಾಲ್ವರ ಮನೆಯಲ್ಲಿ 500 ಗ್ರಾಂ ಎಂದರೆ ಹತ್ತು ಸಲದ ಸೂಪು. ವಾರಕ್ಕೊಮ್ಮೆ ಮಾಡುವವರಿಗೆ ಅದು ಸರಿಯಾದ ಗಾತ್ರ. ಕಿಲೋ ಪ್ಯಾಕ್ ಅಗ್ಗವೆನಿಸಿದರೂ ಖಾಲಿಯಾಗುವಷ್ಟರಲ್ಲಿ ಬೇಸಿಗೆ ಬಂದಿರುತ್ತದೆ. ಕರೆಂಟು ಹೋಗಿಬರುವ ಊರುಗಳಲ್ಲಿ 300 ಗ್ರಾಂನದ್ದೇ ಲೇಸು.